ಕನ್ನಡಿಯ ಹಿಂದೆ ಕೂತಿದ್ದವರು

ಬುಧವಾರ ಮಧ್ಯಾಹ್ನ ನಮ್ಮ ಕಾಲೇಜಿನಲ್ಲಿ ಪಾಠ ಇರುತ್ತಿರಲಿಲ್ಲ. ಅದು ಆಟಕ್ಕೆಂದು ಬಿಟ್ಟ ಹೊತ್ತು. ಗಂಡಸರು ಬೂಟಿನ ದಾರಗಳನ್ನು ಗಂಟುಹಾಕಿ ಹೆಗಲಿಗೇರಿಸಿಕೊಂಡು ಫುಟ್‌ಬಾಲ್ ಮೈದಾನಕ್ಕೆ ಇಳಿದು ಹೋಗುತ್ತಿದ್ದರು. ಹೆಂಗಸರು ಬಟ್ಟೆ ಒಗೆಯಲಿಕ್ಕೋ ಮಗುವನ್ನು ಹಲ್ಲಿನ ಡಾಕ್ಟರಿಗೆ ತೋರಿಸಲಿಕ್ಕೋ ಬಸ್ಸು ಹಿಡಿಯುತ್ತಿದ್ದರು. ಹಾಗೆ ಹಂಚಿಹೋಗುತ್ತಿದ್ದ ಹೊತ್ತನ್ನು ಎಲ್ಸ್‌ಪೆತ್ ರೆನ್ನಿ ಹಿಡಿದುಕೊಂಡಳು.

ಎಲ್ಸ್‌ಪೆತ್ ನಮಗೆ ಪಾಠ ಹೇಳುತ್ತಿದ್ದವಳು. ಮೇಡಂ ಎಂದರೆ ಮುಖ ಸಿಂಡರಿಸುತ್ತಿದ್ದಳು, ಹಾಗಾಗಿ ಇಲ್ಲಿಯೂ ಏಕವಚನದಲ್ಲೇ ಬರೆಯುತ್ತೇನೆ. ಕ್ಯಾಂಟೀನಿನ ಮೇಲಿನ ಕೋಣೆಯ ಬೀಗದ ಕೈ ಅವಳ ಹತ್ತಿರ ಇತ್ತು. ಅಲ್ಲಿ ಒಂದು ಕೆಟಲ್, ಹಿಡಿ ಮುರಿದ ಲೋಟಗಳು, ಯಾರಾದರೂ ಮನೆಯಿಂದ ತಂದ ಓಟ್ಸ್ ಬಿಸ್ಕತ್ತು, ಮೂಲೆಯಲ್ಲಿ ಮಕ್ಕಳು ಉರುಳಾಡಲು ಒಂದು ಹಳೆ ಕಂಬಳಿ. ಸಮಾಜಕಾರ್ಯದ ಪಾಠದಲ್ಲಿ ಹೆಣ್ಣಿನ ಮಾತು ಎಲ್ಲಿದೆ ಎಂದು ಕೇಳುವುದಕ್ಕೆ ನಮ್ಮ ಕಾಲೇಜು ಕೊಟ್ಟಿದ್ದ ಜಾಗ ಅಷ್ಟೇ. ವೇಳಾಪಟ್ಟಿಯಲ್ಲಿ ಅದರ ಹೆಸರು ಇರಲಿಲ್ಲ, ಅದಕ್ಕೆ ಅಂಕವೂ ಇರಲಿಲ್ಲ. ಗಂಡಸರು ಅದನ್ನು ಮಾಟಗಾತಿಯರ ಸಭೆ ಎನ್ನುತ್ತಿದ್ದರು. ನಾವು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮಾಟಗಾತಿಯರು ಹಾರಾಡುವಂಥ ಒಂದು ಪೊರಕೆಯನ್ನು ಬಾಗಿಲಿಗೇ ಕಟ್ಟಿಬಿಟ್ಟೆವು.

ಆಗ ನನಗೆ ನಲವತ್ತು ದಾಟಿತ್ತು. ನಮ್ಮ ಡಂಡೀ ಊರಿನ ಅರ್ಧ ಹೆಂಗಸರಂತೆ ನಾನೂ ಶಾಲೆ ಬಿಟ್ಟ ಮರುದಿನವೇ ಸೆಣಬಿನ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವಳು. ಗಿರಣಿ ಬಾಗಿಲು ಹಾಕಿದ ಮೇಲೆ ರಾತ್ರಿ ಶಾಲೆಗೆ ಸೇರಿ, ನನ್ನ ಮಗಳ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು, ನಿಧಾನವಾಗಿ ಪರೀಕ್ಷೆಗಳನ್ನು ಪಾಸು ಮಾಡಿಕೊಂಡು ಈ ಕಾಲೇಜಿಗೆ ಬಂದಿದ್ದೆ. ಸಮಾಜಕಾರ್ಯಕರ್ತೆ ಆಗಬೇಕೆಂಬುದು ನನ್ನ ಆಸೆ. ಸ್ತ್ರೀವಾದದ ಆಸೆ ಏನೂ ಇರಲಿಲ್ಲ. ನನ್ನಂಥ ನೇಕಾರ್ತಿಗೆ ಅದು ಲಂಡನ್ನಿನ ಹುಡುಗಿಯರ ಸಮಾಚಾರ.

ಮೊದಲ ಬುಧವಾರ ಎಲ್ಸ್‌ಪೆತ್ ಶುರುಮಾಡಿದ್ದೇ ಹೀಗೆ: ಹೆಂಗಸನ್ನು ಮನೆಯೊಳಗೆ ಕೂರಿಸಿ, ಗಂಡಸನ್ನು ಹೊರಗೆ ದುಡಿಯಲು ಕಳಿಸಿದ ಸಮಾಜ ಇದು ಎಂದು. ನನಗೆ ನಗು ತಡೆಯಲಾಗಲಿಲ್ಲ.

“ಯಾಕೆ ಫೀಮಿ, ತಪ್ಪು ಹೇಳಿದ್ನಾ?”

“ತಪ್ಪೇನಿಲ್ಲಮ್ಮ. ಆದ್ರೆ ನೀನು ಎಡಿನ್‌ಬರಾದೋಳು. ನಮ್ಮೂರಲ್ಲಿ ಗಿರಣಿಯೋರು ಗಂಡು ಹುಡುಗ್ರನ್ನ ಹದಿನೆಂಟು ತುಂಬಿದ ಕೂಡ್ಲೇ ಕೆಲಸದಿಂದ ತೆಗೀತಿದ್ರು, ದೊಡ್ಡೋರ ಕೂಲಿ ಕೊಡಬೇಕಾಗುತ್ತೆ ಅಂತ. ಹೆಂಗಸ್ರು ದುಡಿಯೋಕೆ ಹೋಗ್ತಿದ್ರು, ಗಂಡಸ್ರು ಮನೇಲಿ ಕೂತು ಕೆಟಲ್ ಕಾಯಿಸ್ತಿದ್ರು. ನಮ್ಮಪ್ಪನ್ನ ಊರೆಲ್ಲ ‘ಕೆಟಲ್ ಕಾಯಿಸೋನು’ ಅಂತಾನೇ ಕರೀತಿತ್ತು.”

ಎಲ್ಲರೂ ನಕ್ಕರು. ಎಲ್ಸ್‌ಪೆತ್ ಕೂಡ ನಕ್ಕಳು. ಆಮೇಲೆ ಲೋಟ ಕೆಳಗಿಟ್ಟು ಕೇಳಿದಳು: “ಸರಿ. ಹಾಗಾದ್ರೆ ಶನಿವಾರ ನಿಮ್ಮನೆ ಮೆಟ್ಟಿಲು ತೊಳೀತಿದ್ದೋರು ಯಾರು?”

ಮೆಟ್ಟಿಲು ತೊಳೆಯುತ್ತಿದ್ದವಳು ನಮ್ಮಮ್ಮ. ವಾರವಿಡೀ ಗಿರಣಿಯಲ್ಲಿ ನಿಂತು ಬಂದು, ಮಂಡಿ ಊರಿ, ಮೂರು ಮಾಳಿಗೆಯ ವಠಾರದ ಕಲ್ಲಿನ ಮೆಟ್ಟಿಲಲ್ಲಿ ನಮ್ಮ ಪಾಲಿನದನ್ನು ತಿಕ್ಕುತ್ತಿದ್ದವಳು ಅವಳೇ. ಅಪ್ಪ ನಿಜವಾಗಿಯೂ ಕೆಟಲ್ ಮಾತ್ರ ಕಾಯಿಸುತ್ತಿದ್ದ. ನಾನು ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರೋ ಹೊಸದಾಗಿ ಬೆಳಕಿಗೆ ಹಿಡಿದು ತೋರಿಸಿದ ಹಾಗಾಯಿತು. ಮುಂದಿನ ಬುಧವಾರದಿಂದ ಬಿಸ್ಕತ್ತು ತರುವ ಪಾಳಿಯಲ್ಲಿ ನನ್ನ ಹೆಸರೂ ಸೇರಿತು.

ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಕಿಟಕಿಯಾಚೆ ಟೇ ನದಿಯ ಮೇಲೆ ಮೋಡ, ಒಳಗೆ ಒದ್ದೆ ಕೋಟುಗಳ ವಾಸನೆ, ಕಂಬಳಿಯ ಮೇಲೆ ಯಾರದೋ ಅಳುವ ಮಗು, ಅದನ್ನು ಯಾರೋ ಎತ್ತಿಕೊಂಡು ವಾದ ಮುಂದುವರಿಸುವುದು. ನನಗೆ ತುಂಬ ಹತ್ತಿರದವಳೆಂದರೆ ಮೊರಾಗ್. ಪಾದ್ರಿಯ ಮಗಳು, ಇಪ್ಪತ್ತಮೂರರ ಹುಡುಗಿ, ಸುಳ್ಳು ಹೇಳಿದರೆ ಕುತ್ತಿಗೆಯವರೆಗೂ ಕೆಂಪೇರುವವಳು. “ನೀನು ಸಮಾಜಕಾರ್ಯಕ್ಕೆ ಆಗ್ತೀಯೋ ಇಲ್ವೋ ಕಾಣೆ, ಇಸ್ಪೀಟಿಗಂತೂ ಆಗಲ್ಲ ಕಣೇ” ಎಂದು ನಾನು ಅವಳನ್ನು ಕಾಡಿಸುತ್ತಿದ್ದೆ. “ನಮ್ಮನೇಲಿ ಇಸ್ಪೀಟೇ ಇಲ್ಲ ಫೀಮಿ” ಎಂದು ಅವಳು ಅದನ್ನೂ ನಿಜವಾಗಿಯೇ ಹೇಳುತ್ತಿದ್ದಳು.

ಬುಧವಾರ ಕಲಿತದ್ದಕ್ಕೂ ಗುರುವಾರ ಕಲಿಯುತ್ತಿದ್ದದ್ದಕ್ಕೂ ಹೊಂದುತ್ತಿರಲಿಲ್ಲ. ಗುರುವಾರದ ಪಾಠ ಲಾರಿಮರ್ ಅವರದು. ಕೆಟ್ಟ ಮನುಷ್ಯರಲ್ಲ, ಮೃದು ಮಾತಿನವರು, ಮೊಣಕೈಗೆ ಚರ್ಮದ ತೇಪೆ ಹಾಕಿದ ಕೋಟು, ವಿದ್ಯಾರ್ಥಿಗಳ ಹೆಸರು ಮರೆಯದವರು. ಅವರ ನಂಬಿಕೆ ಒಂದೇ: ಸಂಸಾರ ಕೆಟ್ಟರೆ ಇಡೀ ಸಂಸಾರವನ್ನು ಒಂದೇ ಕೋಣೆಯಲ್ಲಿ ಕೂರಿಸಿ ನೋಡಬೇಕು. ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಬೇರೆ ಕರೆದು ಮಾತಾಡಿಸಕೂಡದು. ಮಾತಾಡಿಸಿದರೆ ಅವರ ಪಕ್ಷ ಹಿಡಿದಂತೆ.

ಅದಕ್ಕೆಂದೇ ಅವರು ಕಾಲೇಜಿನಲ್ಲಿ ಒಂದು ಕೋಣೆ ಮಾಡಿಸಿದ್ದರು. ಅದರ ಗೋಡೆಗೆ ದೊಡ್ಡ ಕನ್ನಡಿ. ಒಳಗೆ ಕೂತವರಿಗೆ ಅದು ಕನ್ನಡಿ. ಪಕ್ಕದ ಕತ್ತಲೆ ಕೋಣೆಯಲ್ಲಿ ಕೂತ ನಮಗೆ ಕಿಟಕಿ. ಒಬ್ಬ ವಿದ್ಯಾರ್ಥಿ ಒಳಗೆ ಸಂಸಾರದ ಜೊತೆ ಮಾತಾಡಬೇಕು, ಉಳಿದವರು ಲಾರಿಮರ್ ಜೊತೆ ಈಚೆ ಕೂತು ನೋಡಬೇಕು. ಮಾತು ಒಂದು ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಕನ್ನಡಿಯ ಹಿಂದೆ ಜನ ಇದ್ದಾರೆಂದು ಬಂದವರಿಗೆ ಮೊದಲೇ ಹೇಳಿರುತ್ತಿದ್ದರು. ಎರಡು ಕೋಣೆಗಳ ನಡುವೆ ಒಂದು ಟೆಲಿಫೋನು. ಒಳಗಿನ ವಿದ್ಯಾರ್ಥಿಗೆ ಏನಾದರೂ ಸೂಚನೆ ಕೊಡಬೇಕಾದರೆ ಲಾರಿಮರ್ ಅದನ್ನು ಎತ್ತುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

“ಇಬ್ಬರನ್ನೂ ಒಂದೇ ಸೋಫಾದ ಮೇಲೆ ಕೂರಿಸಿ, ಒಬ್ಬಳಿಗೆ ‘ಅವನು ನಿಂಗೆ ಹೊಡೀತಾನಾ’ ಅಂತ ಕೇಳೋದು” ಎಂದು ಎಲ್ಸ್‌ಪೆತ್ ಬುಧವಾರ ಗೊಣಗುತ್ತಿದ್ದಳು. “ಅವಳು ಏನು ಹೇಳಬೇಕು? ಇಲ್ಲ ಅಂದ್ರೆ ಸುಳ್ಳು, ಹೌದು ಅಂದ್ರೆ ಮನೆಗೆ ಹೋದ್ಮೇಲೆ ಅದಕ್ಕೆ ಬೇರೆ ಏಟು. ಇದು ಪಕ್ಷ ಹಿಡಿಯೋದಲ್ವಂತೆ.” ಬೋಧಕರ ಸಭೆಯಲ್ಲಿ ಅವಳು ಇದನ್ನು ಹೇಳಿದಾಗ, ಒಳ್ಳೆಯ ಚರ್ಚಾವಿಷಯ, ಬುಧವಾರಕ್ಕೆ ಇಟ್ಟುಕೊಳ್ಳಿ ಎಂದರಂತೆ.

ಎರಡನೆಯ ವರ್ಷದ ವಸಂತದಲ್ಲಿ ರೋನಾ ಪೆಟ್ರಿ ಬಂದಳು.

ಬರುವ ಮೊದಲೇ ಅವಳ ಕಥೆ ಲಾರಿಮರ್ ನಮಗೆ ಹೇಳಿದ್ದರು. ಇಬ್ಬರು ಮಕ್ಕಳ ತಾಯಿ. ಗಂಡ ಡಗ್ ಹಡಗುಕಟ್ಟೆಯಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ. ಕೆಲವು ವಾರಗಳ ಹಿಂದೆ ಅವಳು ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿಬಿಟ್ಟಿದ್ದಳು. ಅವನು ಅಲ್ಲಿಗೂ ಹೋಗಿ ಬಾಗಿಲು ಮುರಿದಿದ್ದ. ಆಮೇಲೆ ತಾನೇ ಸಮಾಜಕಾರ್ಯದ ಕಚೇರಿಗೆ ಹೋಗಿ, ನನ್ನ ಹೆಂಡತಿ ಮಕ್ಕಳನ್ನು ಮನೆಗೆ ಸೇರಿಸಿ ಎಂದು ಕಣ್ಣೀರು ಹಾಕಿದ್ದ. ಕಚೇರಿಯವರಿಗೆ ಅವನ ಮೇಲೆ ಒಳ್ಳೆಯ ಅಭಿಪ್ರಾಯ ಬಂದಿತ್ತು: ಅಡುಗೆ ಮಾಡುತ್ತಿದ್ದ, ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ. ಗುರುವಾರ ಇಬ್ಬರೂ ಕನ್ನಡಿ ಕೋಣೆಯಲ್ಲಿ ಕೂತು ಮಾತಾಡುವುದು, ಎಲ್ಲ ಸರಿಹೋದರೆ ಅಲ್ಲಿಂದಲೇ ಜೊತೆಯಾಗಿ ಹೋಗಿ ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಮನೆ ಸೇರುವುದು. ಹಾಗೆಂದು ತೀರ್ಮಾನವಾಗಿತ್ತು. ಅಂದರೆ ಆ ಒಂದು ಗಂಟೆ ಮುಗಿಯುವಷ್ಟರಲ್ಲಿ ಅವಳು ಯಾರ ಜೊತೆ ಬಾಗಿಲು ದಾಟುತ್ತಾಳೆ ಎಂಬುದು ನಿಶ್ಚಯವಾಗಬೇಕಿತ್ತು.

ಒಳಗೆ ಮಾತಾಡಿಸುವ ಸರದಿ ಮೊರಾಗ್‌ಳದು. ಹಿಂದಿನ ದಿನವಿಡೀ ಅವಳು ಊಟ ಮಾಡಿರಲಿಲ್ಲ.

ಡಗ್ ನೋಡಲು ಲಕ್ಷಣವಾಗಿದ್ದ. ಇಸ್ತ್ರಿ ಮಾಡಿದ ಅಂಗಿ, ನಗುಮುಖ. ಮೊರಾಗ್‌ಳ ಕುರ್ಚಿಯನ್ನು ತಾನೇ ಸರಿಸಿಕೊಟ್ಟ. ಕೇಳಿದ್ದಕ್ಕೆಲ್ಲ ಉತ್ತರ ಅವನೇ ಹೇಳಿದ, ಹೇಳುತ್ತಾ ಹೆಂಡತಿಯ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡೇ ಇದ್ದ.

“ಜಗಳ ಯಾರ ಮನೇಲಿ ಇಲ್ಲ ಹೇಳಿ, ಮಿಸ್. ನಂಗೂ ಕೋಪ ಜಾಸ್ತಿ, ಒಪ್ಕೋತೀನಿ. ಆದ್ರೆ ಬೆಳಿಗ್ಗೆ ಟೀ ಮಾಡಿ ಹಾಸಿಗೇಗೆ ತಂದುಕೊಡ್ತೀನಿ. ಅಲ್ವೇನೇ?”

“ಹೂಂ” ಎಂದಳು ರೋನಾ.

“ಮಿಸೆಸ್ ಪೆಟ್ರಿ, ಮನೆಗೆ ಹೋಗೋದು ನಿಮಗೆ ಹೇಗನಿಸುತ್ತೆ?” ಎಂದು ಮೊರಾಗ್ ಕೇಳಿದಳು.

“ಚೆನ್ನಾಗೇ ಅನಿಸುತ್ತೆ.”

ಅವಳು ಕೂತಿದ್ದ ರೀತಿಯಲ್ಲೇ ನನಗೆ ಏನೋ ಗುರುತು ಹತ್ತಿತ್ತು. ಯಾರು ಮಾತಾಡಿದರೂ ಅವರ ಕಣ್ಣು ನೋಡದೆ ಬಾಯಿಯನ್ನೇ ನೋಡುತ್ತಿದ್ದಳು. ಮಗ್ಗದವರು ಹಾಗೆ. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ನಾವು ದನಿ ಇಲ್ಲದೆ, ತುಟಿಯನ್ನಷ್ಟೇ ಅಗಲವಾಗಿ ಆಡಿಸಿ ಮಾತಾಡುತ್ತಿದ್ದೆವು. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಮದುವೆ ಸುದ್ದಿ, ಬಸುರಿನ ಸುದ್ದಿ, ಮೇಸ್ತ್ರಿಯ ಮೇಲಿನ ಬೈಗುಳ ಎಲ್ಲ ಹಾಗೇ ಹೋಗುತ್ತಿತ್ತು. ಬೈಸಿಕೊಂಡ ಮೇಸ್ತ್ರಿ ನಡುವೆ ನಿಂತು ನಮಗೆ ನಮಸ್ಕಾರ ಹೇಳಿಕೊಂಡು ಹೋಗುತ್ತಿದ್ದ. ಗಿರಣಿ ಬಿಟ್ಟರೂ ಆ ಅಭ್ಯಾಸ ಬಿಡುವುದಿಲ್ಲ.

ಮುಕ್ಕಾಲು ಗಂಟೆ ಕಳೆದಿರಬೇಕು. ರೋನಾ ಎದ್ದಳು. ಕೈಚೀಲದಿಂದ ತುಟಿಯ ಬಣ್ಣದ ಕಡ್ಡಿ ತೆಗೆದು ಕನ್ನಡಿಯ ಹತ್ತಿರ ಬಂದಳು, ನನ್ನ ಮುಖಕ್ಕೆ ಒಂದು ಮೊಳ ದೂರಕ್ಕೆ. ಬಣ್ಣ ಹಚ್ಚುತ್ತ ತುಟಿಗಳನ್ನು ಅಗಲಿಸಿದಳು, ಕೂಡಿಸಿದಳು.

ಹಿಂದಿನಿಂದ ಡಗ್ ನಕ್ಕ. “ನೋಡಿ ಮಿಸ್. ಎಲ್ಲಿಗೇ ಕರ್ಕೊಂಡು ಹೋಗಿ, ಇವರಿಗೆ ಮೊದ್ಲು ತುಟಿ ಬಣ್ಣ ಆಗಬೇಕು.”

ಕತ್ತಲಲ್ಲಿ ಲಾರಿಮರ್ ಪಿಸುಗುಟ್ಟಿದರು: “ಒಳ್ಳೇ ಲಕ್ಷಣ. ತನ್ನ ಮೇಲೆ ಮತ್ತೆ ಆಸ್ಥೆ ಬರ್ತಿದೆ. ಗಮನಿಸಿ.”

ನಾನು ಗಮನಿಸುತ್ತಲೇ ಇದ್ದೆ. ಅವಳ ತುಟಿಗಳು ಹೇಳುತ್ತಿದ್ದದ್ದು ಇದು: ಹಿಂದೆ ಯಾರಾದ್ರೂ ಮಗ್ಗದೋರು ಇದ್ದೀರಾ. ನನ್ನ ಇವನ ಜೊತೆ ಕಳಿಸಬೇಡಿ. ಈ ಸಲ ಬಿಡಲ್ಲ ಅಂದಿದಾನೆ.

ಬಣ್ಣ ಒರೆಸಿಕೊಂಡಳು. ಮತ್ತೆ ಹಚ್ಚುತ್ತ ಅದನ್ನೇ ಇನ್ನೊಮ್ಮೆ ಹೇಳಿದಳು. ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ಅವಳ ಮುಖವೇ. ಈಚೆ ಯಾರಿದ್ದಾರೆ, ಯಾರಿಗೆ ಓದಲು ಬರುತ್ತದೆ ಎಂಬುದು ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಬಾವಿಗೆ ಮುಖ ಮಾಡಿ ಹೇಳಿದ ಹಾಗೆ ಹೇಳಿ, ಹೋಗಿ ಗಂಡನ ಪಕ್ಕದಲ್ಲಿ ಕೂತಳು.

“ಮಿಸ್ಟರ್ ಲಾರಿಮರ್, ಅವಳು ಮಾತಾಡಿದ್ಲು” ಎಂದೆ.

“ಸ್ಪೀಕರ್ ಆನ್ ಇದೆಯಲ್ಲ ಫೀಮಿ. ಯಾರೂ ಮಾತಾಡ್ಲಿಲ್ಲ.”

ನಾನು ಹೇಳಿದೆ. ಅವಳ ಮಾತುಗಳನ್ನು ಹಾಗೆಯೇ ಹೇಳಿದೆ. ಅವರು ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

“ನಿಮ್ಮನ್ನ ನಂಬ್ತೀನಿ. ಆದ್ರೆ ಅದು ಕೋಣೆಯೊಳಗೆ ಬರಲಿಲ್ಲ. ಎಲ್ಲರ ಮುಂದೆ ಬರದ ಮಾತನ್ನ ನಾವು ಹಿಡ್ಕೊಂಡ್ರೆ ನಾವು ಅವಳ ಪಕ್ಷ ಆದ್ವಿ. ಅವನ ನಂಬಿಕೆ ಹೋಯ್ತು. ಮೊರಾಗ್ ಕೇಳ್ತಾ ಹೋಗ್ಲಿ, ಅವಳಾಗೇ ಹೇಳ್ತಾಳೆ.”

“ಹೇಳಿ ಆಯ್ತು. ಅವನಿಗೆ ಕೇಳಿಸದ ಹಾಗೆ ಹೇಳೋಕೆ ಅವಳಿಗಿದ್ದ ದಾರಿ ಅದೊಂದೇ. ಇನ್ನು ಕಾಲು ಗಂಟೆಗೆ ಕೈಕೈ ಹಿಡ್ಕೊಂಡು ಹೋಗ್ತಾರೆ. ನಾವು ‘ಚೆನ್ನಾಗಾಯ್ತು’ ಅಂತ ಬರೀತೀವಿ.”

“ಫೀಮಿ, ಒಂದು ಪದ್ಧತಿ ಅಂತ ಇರುತ್ತೆ.”

“ಇರಲಿ. ಅದಕ್ಕೇನೂ ಏಟು ಬೀಳಲ್ಲ.”

ಇಷ್ಟು ಹೇಳಿ ನಾನು ಟೆಲಿಫೋನು ಎತ್ತಿದೆ. ಲಾರಿಮರ್ ಕೈ ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಅವರು ಅಡ್ಡ ಬರಲಿಲ್ಲ. ನನ್ನ ಕೈಯಿಂದ ಅದನ್ನು ಕಿತ್ತುಕೊಳ್ಳುವ ಹಕ್ಕು ಅವರಿಗಿತ್ತು, ಕಿತ್ತುಕೊಳ್ಳಲಿಲ್ಲ. ಇದನ್ನು ನಾನು ಅವರ ಬಗ್ಗೆ ಮಾತು ಬಂದಾಗಲೆಲ್ಲ ಹೇಳುತ್ತೇನೆ.

ಒಳಗೆ ಗಂಟೆ ಬಡಿಯಿತು. ಮೊರಾಗ್ ಎತ್ತಿದಳು.

“ನಾನು ಫೀಮಿ. ನಗ್ತಾ ಇರು. ಈಗ ಟೀ ಹೊತ್ತು ಅಂತ ಹೇಳು. ಅವನನ್ನ ಹೊರಗೆ ಕಳಿಸು, ಅವಳು ಅಲ್ಲೇ ಇರಲಿ.”

“ಟೀ ಹೊತ್ತು ಅಂತ ಇಲ್ವಲ್ಲ” ಎಂದು ಅವಳು ಮೆಲ್ಲಗೆ ಹೇಳಿದಳು, ನಗುತ್ತಲೇ.

“ಇವತ್ತಿಂದ ಇದೆ, ಮಾರಾಯ್ತಿ.”

ಅವಳು ಫೋನು ಇಟ್ಟಳು. ಕಿವಿ, ಕುತ್ತಿಗೆ ಎಲ್ಲ ಬೀಟ್‌ರೂಟಿನ ಹಾಗೆ ಕೆಂಪಾಯಿತು. “ಈಗ ಟೀಗೆ ಬಿಡುವು” ಎಂದಳು. “ಮಿಸ್ಟರ್ ಪೆಟ್ರಿ, ನಿಮಗೆ... ನಿಮಗೆ ಹೊರಗಡೆ ಟೀ.”

ಡಗ್‌ನ ನಗು ಹಾಗೇ ಇತ್ತು, ಕಣ್ಣು ಮಾತ್ರ ಚಿಕ್ಕದಾಯಿತು. “ಇವಳಿಗೆ?”

ಮೊರಾಗ್‌ಗೆ ಇನ್ನೊಂದು ಸುಳ್ಳು ಹುಟ್ಟಲಿಲ್ಲ. ಅವನು ರೋನಾಳ ತೋಳು ಹಿಡಿದು ಎಬ್ಬಿಸಲು ಬಗ್ಗಿದ.

ಆಗ ನನ್ನ ಪಕ್ಕದ ಕುರ್ಚಿ ಸದ್ದು ಮಾಡಿತು. ಲಾರಿಮರ್ ಎದ್ದು ಹೋಗಿದ್ದರು. ಅವರು ಆ ಕೋಣೆಯ ಬಾಗಿಲು ತೆರೆದು ಒಳಗೆ ಕಾಣಿಸಿಕೊಂಡದ್ದನ್ನು ನಾವು ಗಾಜಿನಿಂದ ನೋಡಿದೆವು. ಪಾಠ ನಡೆಯುವಾಗ ಅವರು ಒಳಗೆ ಕಾಲಿಟ್ಟದ್ದು ಅದೇ ಮೊದಲು.

“ಮಿಸ್ಟರ್ ಪೆಟ್ರಿ” ಎಂದರು, ಅದೇ ಮೃದು ದನಿ. “ನಿಮ್ಮ ಕಡೆ ಮಾತು ನಾನು ಸರಿಯಾಗಿ ಕೇಳಬೇಕು ಅನ್ನಿಸ್ತು. ನಾವಿಬ್ಬರೇ. ನನ್ನ ಕೋಣೆಗೆ ಬರ್ತೀರಾ? ಅಲ್ಲಿ ಟೀಗಿಂತ ಒಳ್ಳೇದೂ ಒಂಚೂರು ಇದೆ.”

ಡಗ್ ಒಂದು ಕ್ಷಣ ನಿಂತ. ಆಮೇಲೆ ಹೆಂಡತಿಯ ತೋಳು ಬಿಟ್ಟು ಅಂಗಿಯ ಕಾಲರು ಸರಿಮಾಡಿಕೊಂಡ. ದೊಡ್ಡ ಮನುಷ್ಯರೊಬ್ಬರು ತನ್ನೊಬ್ಬನ ಮಾತು ಕೇಳುತ್ತೇನೆಂದದ್ದು ಅವನಿಗೆ ಹಿತವಾಗಿತ್ತು. “ಇಲ್ಲೇ ಇರು” ಎಂದು ಅವಳಿಗೆ ಹೇಳಿ ಹೊರಟ.

ಬಾಗಿಲು ಮುಚ್ಚಿದ ಮೇಲೆ ನಾನು ಒಳಗೆ ಹೋದೆ. ರೋನಾ ನನ್ನನ್ನೇ ನೋಡಿದಳು. ದನಿ ಇಲ್ಲದೆ ತುಟಿಯಲ್ಲೇ ಕೇಳಿದೆ, ಯಾವ ಗಿರಣಿ ನಿಂದು?

ಅವಳು ಅಳಲಿಲ್ಲ. ನಕ್ಕಳು, ನಗು ನಿಲ್ಲಿಸಲಾಗದೆ ಸೋಫಾದ ತೋಳು ಹಿಡಿದುಕೊಂಡಳು. “ದೇವರೇ, ನಾನು ಗೋಡೆಗೆ ಹೇಳ್ಕೋತಿದೀನಿ ಅಂದ್ಕೊಂಡಿದ್ದೆ.”

ನನ್ನ ನಾಲಿಗೆಯ ತುದಿಯಲ್ಲಿ, ಬಾ ಹೋಗೋಣ ಎಂಬ ಮಾತಿತ್ತು. ಬುಧವಾರದ ಕೋಣೆಯಲ್ಲಿ ನಾವು ಎಷ್ಟೋ ಸಲ ಕಿತ್ತಾಡಿದ್ದೆವು ಇದರ ಮೇಲೆ: ಗಂಡ ಅವಳ ಪರವಾಗಿ ಮಾತಾಡಿದ, ಕಚೇರಿ ಅವಳ ಪರವಾಗಿ ತೀರ್ಮಾನಿಸಿತು, ಈಗ ನಾವೂ ಅದನ್ನೇ ಮಾಡಿದರೆ ನಾವು ಯಾವ ಘನಕಾರ್ಯದವರು ಎಂದು ಎಲ್ಸ್‌ಪೆತ್ ಕೇಳುತ್ತಿದ್ದಳು. ನಾನು ಆ ಮಾತನ್ನು ನುಂಗಿ ಕುರ್ಚಿ ಎಳೆದು ಕೂತೆ.

“ನಿನಗೆ ಏನು ಬೇಕು, ರೋನಾ?”

“ಮಕ್ಕಳು ಬೇಕು. ಅವನಿಗೆ ಗೊತ್ತಿಲ್ಲದ ಬಾಗಿಲು ಬೇಕು.” ಅವಳು ಯೋಚಿಸಲೇ ಇಲ್ಲ. “ಅಕ್ಕನ ಮನೆಗೆ ಮತ್ತೆ ಹೋಗಲ್ಲ. ಅವಳ ಬಾಗಿಲು ಇನ್ನೂ ಹಲಗೆ ಹೊಡೆದು ನಿಲ್ಲಿಸಿದೀವಿ.”

“ಅಂಥ ಮನೆ ಇದೆ. ಹೆಂಗಸ್ರೇ ನಡೆಸೋದು. ಇಕ್ಕಟ್ಟು, ಮಕ್ಕಳ ಗಲಾಟೆ, ಬಚ್ಚಲಿಗೆ ಸರದಿ ನಿಲ್ಲಬೇಕು. ಸುಮ್ನೆ ಚೆಂದ ಮಾಡಿ ಹೇಳಲ್ಲ.”

“ಶೆಡ್ಡಿಗಿಂತ ಗಲಾಟೆನಾ?”

“ಅದಕ್ಕಿಂತ ಇಲ್ಲ.”

“ಹಾಗಾದ್ರೆ ಏಳು” ಎಂದಳು ಅವಳು. ನನಗೇ.

ಎಲ್ಸ್‌ಪೆತ್ ಮೊದಲ ವರ್ಷದವರಿಗೆ ಪಾಠ ಹೇಳುತ್ತಿದ್ದಳು. ನಾನು ಬಾಗಿಲಿನಿಂದ ತಲೆ ಹಾಕಿ “ಕಾರಿನ ಕೀಲಿ ತಗೊಂಡು ಬಾ” ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕ್ಯಾಂಟೀನಿನ ಅಡುಗೆಮನೆಯ ಹಿಂಬಾಗಿಲಿನಿಂದ ಇಳಿದು, ಅವಳ ಪುಟ್ಟ ಕಾರಿನಲ್ಲಿ ಮೂವರೂ ಬೆಟ್ಟದ ಬುಡದ ಶಾಲೆಗೆ ಹೋದೆವು. ದಾರಿಯುದ್ದಕ್ಕೂ ರೋನಾ ಹಿಂದಿನ ಗಾಜಿನಿಂದ ರಸ್ತೆ ನೋಡುತ್ತಿದ್ದಳು.

ಶಾಲೆಯ ಮುಖ್ಯೋಪಾಧ್ಯಾಯಿನಿ ತಡೆದರು. “ಮಿಸ್ಟರ್ ಪೆಟ್ರಿ ಬೆಳಿಗ್ಗೆ ಹೇಳಿ ಹೋಗಿದಾರಲ್ಲ, ತಾವೇ ಬರ್ತೀನಿ ಅಂತ. ಎಷ್ಟು ಅಚ್ಚುಕಟ್ಟು ಮನುಷ್ಯ. ಅವರು ಬರೋವರೆಗೆ ಕಾಯೋಣ.”

ಎಲ್ಸ್‌ಪೆತ್ ಮುಂದೆ ಹೆಜ್ಜೆ ಇಟ್ಟಳು. ಅವಳ ಬಾಯಲ್ಲಿ ದೊಡ್ಡದೊಂದು ಭಾಷಣ ತಯಾರಾಗಿದ್ದದ್ದು ನನಗೆ ಕಾಣಿಸಿತು. ರೋನಾ ಅವಳ ತೋಳು ಮುಟ್ಟಿ ಹಿಂದೆ ಸರಿಸಿದಳು.

“ಹೆತ್ತೋಳು ನಾನು, ಮಿಸ್. ಕಾಯಲ್ಲ. ನನ್ನ ಮಕ್ಕಳನ್ನ ಕರೀರಿ.”

ದನಿ ಏರಿಸಿರಲಿಲ್ಲ. ಆದರೆ ಶೆಡ್ಡಿನವರ ಹಾಗೆ ಒಂದೊಂದು ಮಾತನ್ನೂ ಬಿಡಿಸಿ ಹೇಳಿದ್ದಳು. ಆ ಹೆಂಗಸು ನಮ್ಮ ಮೂವರನ್ನೂ ನೋಡಿ, ರೋನಾಳ ಮಣಿಕಟ್ಟಿನ ಮೇಲಿನ ಗಾಯದ ಕಲೆಯ ಕಡೆ ಕಣ್ಣು ಹಾಯಿಸಿ, ತಾವೇ ತರಗತಿಗೆ ಹೋಗಿ ಮಕ್ಕಳಿಗೆ ಕೋಟು ತೊಡಿಸಿ ಕರೆತಂದರು. ಮಗಳು ಕರ್ಸ್ಟಿಗೆ ಎಂಟು ವರ್ಷವಿರಬಹುದು. ತಮ್ಮನ ಕೈ ಬಿಡದೆ ಹಿಡಿದಿದ್ದಳು. ಕಾರು ಹತ್ತುವಾಗ ಕೇಳಿದಳು: “ಅಪ್ಪ ಬರ್ತಾರಾ?”

“ಇಲ್ಲ” ಎಂದಳು ರೋನಾ.

ಹುಡುಗಿ ತಮ್ಮನನ್ನು ಮೊದಲು ಹತ್ತಿಸಿ, ತಾನೂ ಹತ್ತಿ, ಬಾಗಿಲನ್ನು ಎರಡು ಕೈಯಿಂದ ಎಳೆದುಕೊಂಡಳು.

ಲಾರಿಮರ್ ಆ ಮಧ್ಯಾಹ್ನ ಏನು ಮಾಡಿದರೆಂದು ಆಮೇಲೆ ತಿಳಿಯಿತು. ಅವರು ಡಗ್‌ನನ್ನು ಶಾಲೆ ಬಿಡುವ ಹೊತ್ತು ದಾಟುವವರೆಗೂ ಮಾತಿನಲ್ಲಿ ಕೂರಿಸಿಕೊಂಡಿದ್ದರು. ಹಡಗುಕಟ್ಟೆ, ಫುಟ್‌ಬಾಲು, ಸತ್ತ ತಂದೆ, ಎಲ್ಲವನ್ನೂ ಕೇಳಿದರಂತೆ; ತಮ್ಮ ಮೃದು ದನಿಯೆಲ್ಲವನ್ನೂ ಆ ಒಂದು ಮಧ್ಯಾಹ್ನಕ್ಕೆ ಸುರಿದರಂತೆ. ಹೆಂಡತಿ ಹೋಗಿದ್ದಾಳೆಂದು ಗೊತ್ತಾದಾಗ ಅವನು ಮೇಜು ತಲೆಕೆಳಗು ಮಾಡಿ ಇವರ ಕೊರಳಪಟ್ಟಿ ಹಿಡಿದ. ಕಾವಲಿನವರು ಬಂದು ಬಿಡಿಸಬೇಕಾಯಿತು. ಮರುದಿನ ಅವರು ಹರಿದ ಕೋಟಿನಲ್ಲೇ ಬಂದರು.

“ಬೆಳಿಗ್ಗೆ ಟೀ ತಂದುಕೊಡೋದು ನಿಜವೇ ಅಂತೆ” ಎಂದರು ನನಗೆ. “ಅದೇ ಕೈಯಲ್ಲಿ ನನ್ನ ಕೊರಳು ಹಿಡಿದ. ಅವಳನ್ನ ಅವನ ಪಕ್ಕದಲ್ಲಿ ಕೂರಿಸಿ ಹೇಗನಿಸುತ್ತೆ ಅಂತ ಕೇಳಿಸಿದೆನಲ್ಲ ನಾನು.” ಆಮೇಲೆ, “ಟೆಲಿಫೋನು ಇನ್ನು ಮೇಲೂ ನನ್ನದೇ, ಫೀಮಿ” ಎಂದರು.

“ಆಗಲಿ, ಮಿಸ್ಟರ್ ಲಾರಿಮರ್” ಎಂದೆ.

ಆದರೆ ಮುಂದಿನ ಗುರುವಾರದಿಂದ, ಇಬ್ಬರನ್ನೂ ಒಟ್ಟಿಗೆ ಕೂರಿಸುವ ಮೊದಲು ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಮಾತಾಡಿಸುವುದು ಶುರುವಾಯಿತು. ಈಗಿನ ಹುಡುಗಿಯರಿಗೆ ಅದು ಉಸಿರಾಡಿದಷ್ಟು ಸಹಜ.

ಆ ಶರತ್ಕಾಲದಲ್ಲಿ ಬುಧವಾರದ ಪಾಠ ವೇಳಾಪಟ್ಟಿಗೆ ಬಂತು. ಸಭೆಯಲ್ಲಿ ಎಲ್ಸ್‌ಪೆತ್ ಜೊತೆಗೆ ಕೈ ಎತ್ತಿದವರು ಲಾರಿಮರ್. ನಾನಾಗ ಪಾಸಾಗಿ ಊರಿನಲ್ಲೇ ಕೆಲಸ ಹಿಡಿದಿದ್ದೆ. ಒಂದು ದಿನ ನೋಡಿಕೊಂಡು ಬರೋಣವೆಂದು ಹೋದೆ. ಪಾಠ ಮಂಗಳವಾರ ಬೆಳಿಗ್ಗೆಗೆ ಸರಿದಿತ್ತು. ದೊಡ್ಡ ಕೋಣೆ, ಸಾಲು ಕುರ್ಚಿ, ಗಂಡಸರಿಗೂ ಕಡ್ಡಾಯ, ಕೊನೆಯಲ್ಲಿ ಪರೀಕ್ಷೆ. ಮುಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿ, ಇದಕ್ಕೆ ಎಷ್ಟು ಅಂಕ ಎಂದು ಕೇಳಿದ. ಕಂಬಳಿ ಇರಲಿಲ್ಲ. ಕೋಣೆಗೆ ತಿಂಡಿ ತರಬಾರದೆಂದು ಬೋರ್ಡು ಹಾಕಿದ್ದರು.

“ಚೆನ್ನಾಗಿದೆ” ಎಂದೆ ಎಲ್ಸ್‌ಪೆತ್‌ಗೆ, ಹೊರಗೆ ಬಂದ ಮೇಲೆ.

“ಸುಳ್ಳು ಹೇಳೋದ್ರಲ್ಲಿ ನೀನೂ ಮೊರಾಗ್ ಥರಾನೇ” ಎಂದಳು ಅವಳು. “ಆದ್ರೆ ಫೀಮಿ, ಆ ಕ್ಯಾಂಟೀನ್ ಕೋಣೆಗೆ ಬರ್ತಿದ್ದೋರು ಬರಬೇಕು ಅನ್ನಿಸಿದೋರು ಮಾತ್ರ. ಇವರೆಲ್ಲ ನಾಳೆ ಯಾರದೋ ಮನೆ ಬಾಗಿಲು ತಟ್ಟೋರು. ಇವರಿಗೆ ಬೇಕೋ ಬೇಡವೋ, ಕೇಳಲೇಬೇಕು.”

ಅವಳ ಮಾತು ಸರಿಯಾಗಿತ್ತು. ನಾವು ಕೇಳಿದ್ದೂ ಅದನ್ನೇ. ಆದರೂ ಇಬ್ಬರೂ ಕ್ಯಾಂಟೀನಿಗೆ ಹೋಗಿ, ಮೇಲಿನ ಕೋಣೆಗೆ ಬೀಗ ಹಾಕಿದ್ದನ್ನು ನೋಡಿ, ಕೆಳಗೆ ಕೂತು ಟೀ ಕುಡಿದು ಬಂದೆವು. ಈಗ ಆ ಕಟ್ಟಡವೇ ಇಲ್ಲ. ಎಲ್ಸ್‌ಪೆತ್ ಕೂಡ ಇಲ್ಲ.

ರೋನಾ ಆಸರೆ ಮನೆಯಲ್ಲಿ ಒಂದು ಚಳಿಗಾಲ ಕಳೆದಳು. ಡಗ್ ಉತ್ತರದ ಕಡೆ ಎಣ್ಣೆ ಬಾವಿಯ ಕೆಲಸಕ್ಕೆ ಹೋದನೆಂದು ಸುದ್ದಿ ಬಂತು. ಅವಳಿಗೆ ಪುರಸಭೆಯ ಮನೆ ಸಿಕ್ಕಿತು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ನಮ್ಮ ವೃತ್ತಿಯಲ್ಲಿ ಒಂದು ರೂಢಿ ಇದೆ: ಕಷ್ಟದಲ್ಲಿ ನಮ್ಮ ಹತ್ತಿರ ಬಂದವರು ಆಮೇಲೆ ಬೀದಿಯಲ್ಲಿ ಸಿಕ್ಕರೆ ನಾವಾಗಿ ಮಾತಾಡಿಸುವುದಿಲ್ಲ. ಅವರ ಜೊತೆ ಇರುವವರು, ಇವರ್ಯಾರು, ನಿನಗೆ ಹೇಗೆ ಪರಿಚಯ ಎಂದು ಕೇಳಿಬಿಟ್ಟರೆ ಅವರು ಏನು ಹೇಳಬೇಕು. ಅವರಾಗಿ ನಕ್ಕರೆ ನಾವು ನಗಬಹುದು.

ಎಷ್ಟೋ ವರ್ಷದ ಮೇಲೆ ಒಂದು ಶನಿವಾರ ಅವಳನ್ನು ಮೀನಿನ ಅಂಗಡಿಯಲ್ಲಿ ಕಂಡೆ. ಮೈ ತುಂಬಿಕೊಂಡಿದ್ದಳು. ಜೊತೆಗೆ ಗೆಳತಿಯರಿಬ್ಬರು, ಅವಳಿಗಿಂತ ಎತ್ತರ ಬೆಳೆದ ಕರ್ಸ್ಟಿ. ಹೊಗೆಯಲ್ಲಿ ಒಣಗಿಸಿದ ಮೀನನ್ನು ಎತ್ತಿ ಹಿಡಿದು ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಇದನ್ನ ನಿಮ್ಮಮ್ಮನಿಗೆ ಮಾರ್ತೀಯೇನಪ್ಪ? ಮಾರ್ತೀಯಾ? ಮುಖ ನೋಡು ಇದರದ್ದು, ನನಗಿಂತ ವಯಸ್ಸಾಗಿದೆ.”

ಗೆಳತಿಯರು ಬಿದ್ದು ಬಿದ್ದು ನಗುತ್ತಿದ್ದರು. ಅವಳು 'ಬೇರೆ ಕೊಡು' ಎಂದು ತಿರುಗುವಾಗ ಅವಳ ಕಣ್ಣು ನನ್ನ ಮೇಲೆ ಹಾದು ಹೋಯಿತು. ನಿಲ್ಲಲಿಲ್ಲ. ಗುರುತು ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ಸಿಗದೇ ಇದ್ದರೂ ಸರಿಯೇ ಎನಿಸಿತು. ನಾನು ಸಾಲಿನಲ್ಲಿ ನನ್ನ ಸರದಿಗೆ ಕಾದು, ಅವಳು ಬೇಡವೆಂದ ಮೀನನ್ನು ಕೊಡಲು ಬಂದವನಿಗೆ ನಾನೂ ಬೇಡ ಎಂದೆ.